ಪ್ರೆಸ್ಟೀಜ್ ಕ್ಲಾಸಿನ ಷರತ್ತುಗಳನ್ನು ಹಿಂದಿನಿಂದ ಲೆಕ್ಕ ಹಾಕಿ

"ನನ್ನ ರೋಗ್ ಏಳನೇ ಲೆವೆಲ್ ಮುಟ್ಟಿದ್ದಾನೆ. ಮುಂದಿನ ಲೆವೆಲಿಗೆ ಶ್ಯಾಡೋಡ್ಯಾನ್ಸರ್ ಆಗಬೇಕೆಂದಿದ್ದೆ. ಈಗ ನೋಡಿದರೆ ಒಂದು ಫೀಟ್ ಕಡಿಮೆ ಬಿದ್ದಿದೆ. ಏನು ಮಾಡಲಿ?" ಕ್ಲಾಸಿನ ಹೆಸರು, ಲೆವೆಲಿನ ಸಂಖ್ಯೆ ಬದಲಾಗುತ್ತವೆ, ಪ್ರಶ್ನೆ ಮಾತ್ರ ಇದೇ. ಓದುಗರು ಇದನ್ನು ಎಷ್ಟು ಸಲ ಕೇಳಿದ್ದಾರೆಂದರೆ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ಪೂರ್ತಿ ಲೆಕ್ಕವನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದು ಎನ್ನಿಸಿತು.

ಇಲ್ಲಿ ನಾನು ಹಿಡಿದಿರುವುದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ದಾಳ ಉರುಳಿಸಿ ಕಾಲ್ಪನಿಕ ಪಾತ್ರವಾಗಿ ಆಡುವ ಆಟದ 3.5 ಆವೃತ್ತಿಯನ್ನು. 2003ರಲ್ಲಿ ಬಂದ ಈ ಆವೃತ್ತಿಯ ಮೂಲ ನಿಯಮಗಳು ಓಪನ್ ಗೇಮ್ ಲೈಸೆನ್ಸ್ ಅಡಿಯಲ್ಲಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ದುಬಾರಿ ಪುಸ್ತಕ ತರಿಸಿಕೊಳ್ಳದೆಯೂ ನೀವು ನನ್ನ ಹೆಚ್ಚಿನ ಲೆಕ್ಕಗಳನ್ನು ತಾಳೆ ನೋಡಬಹುದು. ಷರತ್ತುಗಳ ವಿಷಯದಲ್ಲಿ ಹೆಚ್ಚು ಜನ ಎಡವುವುದೂ ಇದೇ ಆವೃತ್ತಿಯಲ್ಲಿ. ಐದನೇ ಆವೃತ್ತಿ ಆಡುವವರಿಗಾಗಿ ಕೊನೆಯಲ್ಲಿ ಒಂದು ಭಾಗವಿದೆ. ಅಲ್ಲಿನ ನಿಯಮ ಚಿಕ್ಕದು, ಹಾಗಾಗಿ ಆ ಭಾಗವೂ ಚಿಕ್ಕದು.

ಮೊದಲು ಕೆಲವು ಪದಗಳು

ಆಟಕ್ಕೆ ಹೊಸಬರಾದವರು ಇದನ್ನು ಓದಿಕೊಳ್ಳಿ, ಹಳಬರು ಮುಂದಕ್ಕೆ ಹೋಗಬಹುದು.

ಕ್ಲಾಸ್ ಎಂದರೆ ನಿಮ್ಮ ಪಾತ್ರದ ವೃತ್ತಿ: ಕತ್ತಿ ಹಿಡಿಯುವ ಫೈಟರ್, ಗ್ರಂಥ ಓದಿ ಮಂತ್ರ ಕಲಿಯುವ ವಿಜಾರ್ಡ್, ಬೀಗ ಬಿಚ್ಚುವ ರೋಗ್, ದೇವರ ಸೇವೆಯಿಂದ ಮಂತ್ರಶಕ್ತಿ ಪಡೆಯುವ ಕ್ಲೆರಿಕ್. ಪ್ರೆಸ್ಟೀಜ್ ಕ್ಲಾಸ್ ಎಂದರೆ ಮೊದಲ ಲೆವೆಲಿನಲ್ಲಿ ಸಿಗದ, ಅರ್ಹತೆ ಗಳಿಸಿಕೊಂಡ ಮೇಲೆ ಮಾತ್ರ ಪ್ರವೇಶ ಸಿಗುವ ವಿಶೇಷ ವೃತ್ತಿ. ಫೀಟ್ ಎಂದರೆ ಕೆಲವೇ ಲೆವೆಲುಗಳಲ್ಲಿ ಆರಿಸಿಕೊಳ್ಳಲು ಸಿಗುವ ವಿಶೇಷ ಚಾತುರ್ಯ. ಸ್ಕಿಲ್ ರ್ಯಾಂಕ್ ಎಂದರೆ ಒಂದು ಕೌಶಲದಲ್ಲಿ ಪಾಯಿಂಟ್ ಕೊಟ್ಟು ಸಂಪಾದಿಸಿದ ಕಲಿಕೆ. ಬೇಸ್ ಅಟ್ಯಾಕ್ ಬೋನಸ್ ಎಂದರೆ ಶಕ್ತಿ, ಆಯುಧ ಇವೆಲ್ಲವನ್ನೂ ಬಿಟ್ಟು ಕ್ಲಾಸಿನಿಂದ ಮಾತ್ರ ಬರುವ ದಾಳಿಯ ಅಂಕ. ಸಾಮರ್ಥ್ಯ ಎಂದರೆ ಪಾತ್ರದ ಮೂಲಗುಣಗಳ ಅಂಕ: ಸ್ಟ್ರೆಂತ್ (ದೇಹಬಲ), ಡೆಕ್ಸ್‌ಟೆರಿಟಿ (ಚುರುಕುತನ), ಇಂಟೆಲಿಜೆನ್ಸ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಮುಂತಾದವು. ಅಲೈನ್‌ಮೆಂಟ್ ಎಂದರೆ ಪಾತ್ರದ ನೈತಿಕ ಒಲವು: ಲಾಫುಲ್ (ನಿಯಮನಿಷ್ಠ), ಈವಿಲ್ (ದುಷ್ಟ) ಹೀಗೆ. ಇಡೀ ಆಟವನ್ನು ನಡೆಸುವವರು ಡಂಜನ್ ಮಾಸ್ಟರ್. ಮುಂದೆ ಅವರನ್ನು ಡಿಎಂ ಎಂದೇ ಕರೆಯುತ್ತೇನೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಈ ಆಟದಲ್ಲಿ ಲೆವೆಲ್ ಎಂಬ ಪದ ಮೂರು ಕಡೆ ಬರುತ್ತದೆ. ಪಾತ್ರದ ಒಟ್ಟು ಲೆವೆಲ್ ಒಂದು, ಒಂದೊಂದು ಕ್ಲಾಸಿನ ಲೆವೆಲ್ ಇನ್ನೊಂದು, ಮಂತ್ರದ ಲೆವೆಲ್ ಮತ್ತೊಂದು. "ಮೂರನೇ ಲೆವೆಲಿನ ಮಂತ್ರ ಹಾಕಲು ಬರಬೇಕು" ಎಂಬ ಷರತ್ತಿಗೂ ಮೂರನೇ ಲೆವೆಲಿನ ವಿಜಾರ್ಡಿಗೂ ಸಂಬಂಧವಿಲ್ಲ. ಆ ಮಂತ್ರಗಳು ವಿಜಾರ್ಡಿಗೆ ಸಿಗುವುದು ಐದನೇ ಕ್ಲಾಸ್ ಲೆವೆಲಿನಲ್ಲಿ, ಹುಟ್ಟಿನಿಂದಲೇ ಮಂತ್ರಶಕ್ತಿ ಇರುವ ಸಾರ್ಸರರ್‌ಗೆ ಆರರಲ್ಲಿ, ಹಾಡುಗಾರನಾದ ಬಾರ್ಡ್‌ಗೆ ಏಳರಲ್ಲಿ.

ಒಂದು ಹಾಳೆ, ಪೆನ್ಸಿಲ್, ನಿಮ್ಮ ಕ್ಯಾರೆಕ್ಟರ್ ಶೀಟ್ ಮತ್ತು ಬೇಕಾದ ಕ್ಲಾಸಿನ ಷರತ್ತುಗಳ ಪಟ್ಟಿ ಇಟ್ಟುಕೊಂಡು ಕೂರಿ. ಪೆನ್ ಬೇಡ. ಅಳಿಸುವ ಕೆಲಸ ಬಹಳ ಇರುತ್ತದೆ.

ಹಂತ 1: ಒಂದು ಲೆವೆಲ್ ಮೊದಲೇ ಎಲ್ಲವೂ ಕೈಯಲ್ಲಿರಬೇಕು

ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಒಂದು ನಿಯಮ ತಿಳಿದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಪ್ರೆಸ್ಟೀಜ್ ಕ್ಲಾಸಿನ ಮೊದಲ ಲೆವೆಲನ್ನು ತೆಗೆದುಕೊಳ್ಳುವ ಮೊದಲೇ ಎಲ್ಲ ಷರತ್ತುಗಳು ಪೂರೈಸಿರಬೇಕು. ಆ ಲೆವೆಲಿನಲ್ಲಿ ಸಿಗುವ ಸ್ಕಿಲ್ ಪಾಯಿಂಟ್, ಫೀಟ್, ದಾಳಿಯ ಅಂಕ ಯಾವುದೂ ಅದೇ ಲೆವೆಲಿನ ಷರತ್ತಿಗೆ ಲೆಕ್ಕಕ್ಕಿಲ್ಲ.

ಶ್ಯಾಡೋಡ್ಯಾನ್ಸರ್‌ಗೆ ಹೈಡ್ (ಅಡಗಿಕೊಳ್ಳುವ) ಸ್ಕಿಲ್ಲಿನಲ್ಲಿ 10 ರ್ಯಾಂಕ್ ಬೇಕು. ಏಳನೇ ಲೆವೆಲಿನಲ್ಲಿ 9 ಇಟ್ಟುಕೊಂಡು, ಎಂಟಕ್ಕೆ ಏರುವಾಗ ಸಿಗುವ ಪಾಯಿಂಟಿನಿಂದ ಹತ್ತನೆಯದನ್ನು ತುಂಬಿ ಅದೇ ಲೆವೆಲನ್ನು ಶ್ಯಾಡೋಡ್ಯಾನ್ಸರ್ ಆಗಿ ತೆಗೆದುಕೊಳ್ಳುತ್ತೇನೆ ಎಂದರೆ ನಡೆಯುವುದಿಲ್ಲ. ಎಂಟನೆಯ ಲೆವೆಲ್ ರೋಗ್ ಆಗಿಯೇ ಕಳೆಯಬೇಕಾಗುತ್ತದೆ, ಪ್ರವೇಶ ಒಂಬತ್ತಕ್ಕೆ ಹೋಗುತ್ತದೆ.

ಹಾಗಾಗಿ ಹಾಳೆಯ ಮೇಲೆ ಬರೆಯಬೇಕಾದ ಮೊದಲ ಸಂಖ್ಯೆ ಪ್ರವೇಶದ ಲೆವೆಲ್ ಅಲ್ಲ, ಅದರ ಹಿಂದಿನ ಲೆವೆಲ್. ಇನ್ನು ಮುಂದೆ ಅದನ್ನು ಗಡುವಿನ ಲೆವೆಲ್ ಎನ್ನುತ್ತೇನೆ. ಮದುವೆಯ ಮುಹೂರ್ತ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ ಛತ್ರ, ಅಡುಗೆಯವರು, ಲಗ್ನಪತ್ರಿಕೆ ಎಂದು ಒಂದೊಂದನ್ನೇ ಗೊತ್ತುಮಾಡುತ್ತೇವಲ್ಲ, ಇಲ್ಲಿಯೂ ಲೆಕ್ಕ ನಡೆಯುವುದು ಹಿಂದಿನಿಂದಲೇ.

ಹಂತ 2: ಪ್ರತಿಯೊಂದು ಷರತ್ತಿನ ಪಕ್ಕ ಒಂದು ಲೆವೆಲ್ ಬರೆಯಿರಿ

ಷರತ್ತುಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆಯೂ "ಇದು ಬೇಗ ಎಂದರೆ ಎಷ್ಟನೇ ಲೆವೆಲಿಗೆ ಸಾಧ್ಯ?" ಎಂದು ಗುರುತು ಹಾಕಿ. ಎಲ್ಲಕ್ಕಿಂತ ದೊಡ್ಡ ಸಂಖ್ಯೆಯೇ ನಿಮ್ಮ ಗಡುವಿನ ಲೆವೆಲ್. ಹೆಚ್ಚಿನವರು ಕಣ್ಣಿಗೆ ದೊಡ್ಡದಾಗಿ ಕಾಣುವ ಒಂದು ಷರತ್ತನ್ನು ಮಾತ್ರ ನೋಡಿ ಉಳಿದದ್ದನ್ನು ಮರೆಯುತ್ತಾರೆ. ಒಂದೊಂದನ್ನೂ ಹೀಗೆ ಲೆಕ್ಕ ಹಾಕಿ.

ಸ್ಕಿಲ್ ರ್ಯಾಂಕ್: ನಿಮ್ಮ ಕ್ಲಾಸಿನ ಪಟ್ಟಿಯಲ್ಲಿರುವ ಸ್ಕಿಲ್ಲಿಗೆ ಗರಿಷ್ಠ ರ್ಯಾಂಕ್ ಎಂದರೆ ಪಾತ್ರದ ಲೆವೆಲಿಗೆ 3 ಕೂಡಿಸಿದಷ್ಟು. ಅಂದರೆ ಬೇಕಾದ ರ್ಯಾಂಕಿನಿಂದ 3 ಕಳೆದರೆ ಲೆವೆಲ್ ಸಿಕ್ಕಿತು. 10 ರ್ಯಾಂಕ್ ಎಂದರೆ ಏಳನೇ ಲೆವೆಲ್, 8 ರ್ಯಾಂಕ್ ಎಂದರೆ ಐದನೆಯದು. ಪಟ್ಟಿಯಲ್ಲಿ ಇಲ್ಲದ ಸ್ಕಿಲ್ಲನ್ನು ಕ್ರಾಸ್‌ಕ್ಲಾಸ್ ಎನ್ನುತ್ತಾರೆ. ಅದರ ಗರಿಷ್ಠ ಮಿತಿ ಇದರ ಅರ್ಧ, ಬೆಲೆ ಎರಡು ಪಟ್ಟು: ಒಂದು ರ್ಯಾಂಕಿಗೆ ಎರಡು ಪಾಯಿಂಟ್. ಬರೀ ಫೈಟರ್ ಆಗಿಯೇ ಬೆಳೆದವನು ಹೈಡ್‌ನಲ್ಲಿ 10 ರ್ಯಾಂಕ್ ಮುಟ್ಟಬೇಕಾದರೆ ಹದಿನೇಳನೇ ಲೆವೆಲಿನವರೆಗೆ ಕಾಯಬೇಕು. ಅಲ್ಲಿಗೆ ಆಟವೇ ಮುಗಿಯುತ್ತ ಬಂದಿರುತ್ತದೆ.

ಶೀಟಿನಲ್ಲಿ ಸ್ಕಿಲ್ಲಿನ ಎದುರು ಕಾಣುವ ಒಟ್ಟು ಅಂಕ ರ್ಯಾಂಕ್ ಅಲ್ಲ ಎಂಬುದನ್ನು ನೆನಪಿಡಿ. ಡೆಕ್ಸ್‌ಟೆರಿಟಿಯಿಂದ ಬಂದದ್ದು, ಮಾಯಾವಸ್ತುವಿನಿಂದ ಬಂದದ್ದು, ಜನಾಂಗದಿಂದ ಬಂದದ್ದು ಎಲ್ಲ ಸೇರಿ +14 ಆಗಿರಬಹುದು. ಷರತ್ತು ಕೇಳುವುದು ನೀವು ಪಾಯಿಂಟ್ ಕೊಟ್ಟು ಕೊಂಡ ರ್ಯಾಂಕನ್ನು ಮಾತ್ರ. ಜೊತೆಗೆ ಪರ್ಫಾರ್ಮ್, ನಾಲೆಜ್ ಮುಂತಾದ ಸ್ಕಿಲ್ಲುಗಳ ಒಳವಿಭಾಗಗಳು ಬೇರೆ ಬೇರೆ. ಶ್ಯಾಡೋಡ್ಯಾನ್ಸರ್ ಕೇಳುವುದು ನೃತ್ಯದಲ್ಲಿ 5 ರ್ಯಾಂಕ್. ಹಾಡುಗಾರಿಕೆಯಲ್ಲಿ ಹತ್ತು ಇದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಫೀಟ್: ಎಲ್ಲರಿಗೂ ಫೀಟ್ ಸಿಗುವುದು 1, 3, 6, 9, 12, 15, 18ನೇ ಲೆವೆಲುಗಳಲ್ಲಿ. ಮನುಷ್ಯ ಜನಾಂಗದ ಪಾತ್ರಕ್ಕೆ ಮೊದಲ ಲೆವೆಲಿನಲ್ಲಿ ಒಂದು ಹೆಚ್ಚು. ಫೈಟರ್‌ಗೆ ಕ್ಲಾಸಿನ ಒಂದು, ಎರಡು ಮತ್ತು ಆಮೇಲೆ ಪ್ರತಿ ಸಮ ಲೆವೆಲಿನಲ್ಲಿ ಯುದ್ಧದ ಫೀಟ್ ಒಂದು ಹೆಚ್ಚು. ಎಷ್ಟು ಫೀಟ್ ಬೇಕೋ ಫೀಟ್ ಸಿಗುವ ಅಷ್ಟು ಮನೆಗಳನ್ನು (ಖಾಲಿ ಜಾಗಗಳನ್ನು) ಎಣಿಸಿದರೆ ಲೆವೆಲ್ ಸಿಗುತ್ತದೆ. ಒಂದು ಫೀಟಿಗೆ ಇನ್ನೊಂದು ಫೀಟ್ ಬೇಕಾಗುವುದೂ ಉಂಟು. ಮೊಬಿಲಿಟಿ ಬೇಕಾದರೆ ಮೊದಲು ಡಾಡ್ಜ್ ಇರಬೇಕು, ಡಾಡ್ಜ್ ಬೇಕಾದರೆ ಡೆಕ್ಸ್‌ಟೆರಿಟಿ 13 ಇರಬೇಕು. ಪ್ರೆಸ್ಟೀಜ್ ಕ್ಲಾಸಿನ ಪಟ್ಟಿಯಲ್ಲಿ ಈ ಕೊನೆಯ ಸಂಖ್ಯೆ ಬರೆದಿರುವುದೇ ಇಲ್ಲ. ನೀವೇ ಹುಡುಕಿಕೊಳ್ಳಬೇಕು.

ಬೇಸ್ ಅಟ್ಯಾಕ್ ಬೋನಸ್: ಫೈಟರ್, ಬಾರ್ಬೇರಿಯನ್, ಪ್ಯಾಲಡಿನ್, ರೇಂಜರ್ ಪ್ರತಿ ಲೆವೆಲಿಗೂ ಒಂದು ಅಂಕ ಪಡೆಯುತ್ತಾರೆ. ರೋಗ್, ಕ್ಲೆರಿಕ್, ಬಾರ್ಡ್, ಮಾಂಕ್, ಡ್ರೂಯಿಡ್ ನಾಲ್ಕು ಲೆವೆಲಿಗೆ ಮೂರು, ವಿಜಾರ್ಡ್ ಮತ್ತು ಸಾರ್ಸರರ್ ಎರಡು ಲೆವೆಲಿಗೆ ಒಂದು. ಎರಡು ಕ್ಲಾಸ್ ಬೆರೆಸಿದಾಗ ಪ್ರತಿಯೊಂದರ ಅಂಕವನ್ನು ಬೇರೆ ಬೇರೆ ತೆಗೆದು ಕೂಡಬೇಕು. ರೋಗ್ ಒಂದನೇ ಲೆವೆಲಿನಲ್ಲಿ ಸೊನ್ನೆ, ಎರಡರಲ್ಲಿ 1, ಮೂರರಲ್ಲಿ 2, ನಾಲ್ಕರಲ್ಲಿ 3. ಅಂದರೆ ಫೈಟರ್ ಪಾತ್ರಕ್ಕೆ ರೋಗ್ ಒಂದು ಲೆವೆಲ್ ಬೆರೆಸಿದರೂ ನಾಲ್ಕು ಬೆರೆಸಿದರೂ ನಷ್ಟ ಒಂದೇ ಅಂಕ. ಆದರೆ ರೋಗ್ ಒಂದು, ಕ್ಲೆರಿಕ್ ಒಂದು, ಬಾರ್ಡ್ ಒಂದು ಎಂದು ಚೂರುಚೂರು ಬೆರೆಸಿದರೆ ಮೂರನೇ ಲೆವೆಲಿನಲ್ಲೂ ಸೊನ್ನೆಯೇ.

ಮಂತ್ರ: ಮೇಲೆ ಹೇಳಿದ ಲೆವೆಲುಗಳ ಜೊತೆಗೆ ಇನ್ನೊಂದು ಬೇಲಿ ಇದೆ. ಮಂತ್ರ ಹಾಕಲು ಸಂಬಂಧಪಟ್ಟ ಸಾಮರ್ಥ್ಯ, ಮಂತ್ರದ ಲೆವೆಲಿಗೆ 10 ಕೂಡಿಸಿದಷ್ಟಾದರೂ ಇರಬೇಕು. ವಿಜಾರ್ಡಿಗೆ ಇಂಟೆಲಿಜೆನ್ಸ್ 12 ಮಾತ್ರ ಇದ್ದರೆ ಐದನೇ ಲೆವೆಲ್ ತಲುಪಿದರೂ ಮೂರನೇ ಲೆವೆಲಿನ ಮಂತ್ರ ಬರುವುದಿಲ್ಲ. ಆಯುಧದ ಜೊತೆಗೆ ಮೂರನೇ ಲೆವೆಲಿನ ಮಂತ್ರವನ್ನೂ ಕೇಳುವ ಎಲ್ಡ್ರಿಚ್ ನೈಟ್ ಎಂಬ ಪ್ರೆಸ್ಟೀಜ್ ಕ್ಲಾಸ್ ಆಗಬೇಕೆಂದು ಸ್ಟ್ರೆಂತ್‌ಗೆ ಒಳ್ಳೆಯ ಸಂಖ್ಯೆಗಳನ್ನೆಲ್ಲ ಸುರಿದವರು ಇಲ್ಲೇ ಸಿಕ್ಕಿಬೀಳುವುದು.

ಈ ಹಂತ ಏಕೆ ಮುಖ್ಯ ಎಂಬುದಕ್ಕೆ ಡ್ಯುಯಲಿಸ್ಟ್ ಎಂಬ ಪ್ರೆಸ್ಟೀಜ್ ಕ್ಲಾಸ್ ಒಳ್ಳೆಯ ಉದಾಹರಣೆ. ಅದಕ್ಕೆ ಬೇಸ್ ಅಟ್ಯಾಕ್ ಬೋನಸ್ +6, ಪರ್ಫಾರ್ಮ್ 3 ರ್ಯಾಂಕ್, ಟಂಬಲ್ (ಲಾಗ ಹಾಕುವ ಸ್ಕಿಲ್) 5 ರ್ಯಾಂಕ್, ಮೂರು ಫೀಟ್ ಬೇಕು. ಫೈಟರ್‌ಗೆ +6 ಆರನೇ ಲೆವೆಲಿಗೇ ಬರುತ್ತದೆ, ಫೀಟುಗಳಿಗಂತೂ ಕೊರತೆಯೇ ಇಲ್ಲ. ಏಳಕ್ಕೆ ಪ್ರವೇಶ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಟಂಬಲ್ ಫೈಟರ್‌ಗೆ ಕ್ರಾಸ್‌ಕ್ಲಾಸ್. ಆರನೇ ಲೆವೆಲಿನಲ್ಲಿ ಅದರ ಮಿತಿ ನಾಲ್ಕೂವರೆ. ಐದು ಮುಟ್ಟುವುದು ಏಳರಲ್ಲಿ, ಹಾಗಾಗಿ ಪ್ರವೇಶ ಎಂಟರಲ್ಲಿ. ಅದಕ್ಕೂ ಟಂಬಲ್‌ಗೆ ಹತ್ತು, ಪರ್ಫಾರ್ಮ್‌ಗೆ ಆರು, ಒಟ್ಟು 16 ಪಾಯಿಂಟ್ ಖರ್ಚು. ಇಂಟೆಲಿಜೆನ್ಸ್ 10 ಇರುವ, ಮನುಷ್ಯನಲ್ಲದ ಫೈಟರ್‌ಗೆ ಏಳು ಲೆವೆಲಿಗೆ ಸಿಗುವುದೇ 20 ಪಾಯಿಂಟ್. ರೋಗ್ ಮೂರು, ಫೈಟರ್ ನಾಲ್ಕು ಮಾಡಿಕೊಂಡರೂ ಅದೇ ಏಳನೇ ಲೆವೆಲಿಗೆ +6 ಬರುತ್ತದೆ, ಸ್ಕಿಲ್ಲುಗಳು ಅರ್ಧ ಬೆಲೆಗೆ ಸಿಗುತ್ತವೆ. ನನ್ನನ್ನು ಕೇಳಿದರೆ ಡ್ಯುಯಲಿಸ್ಟ್ ಆಗುವವರು ಹಿಡಿಯಬೇಕಾದ ದಾರಿ ಇದು.

ಹಂತ 3: ಈಗಾಗಲೇ ಇರುವುದನ್ನು ಎಣಿಸಿಕೊಳ್ಳಿ

ಪಟ್ಟಿ ನೋಡಿ ಗಾಬರಿಯಾಗುವ ಮೊದಲು, ಕ್ಲಾಸಿನಿಂದ ಪುಕ್ಕಟೆಯಾಗಿ ಬಂದಿರುವುದಕ್ಕೆ ಗೆರೆ ಹೊಡೆಯಿರಿ. ಲೋರ್‌ಮಾಸ್ಟರ್ ಎಂಬ ಪ್ರೆಸ್ಟೀಜ್ ಕ್ಲಾಸಿಗೆ ಮೆಟಾಮ್ಯಾಜಿಕ್ (ಮಂತ್ರದ ಪರಿಣಾಮ ಬದಲಿಸುವ) ಅಥವಾ ಮಾಯಾವಸ್ತು ತಯಾರಿಕೆಯ ಮೂರು ಫೀಟ್, ಅದರ ಮೇಲೆ ಯಾವುದಾದರೂ ನಾಲೆಜ್ ಸ್ಕಿಲ್ಲಿನಲ್ಲಿ ಸ್ಕಿಲ್ ಫೋಕಸ್, ಎರಡು ನಾಲೆಜ್ ಸ್ಕಿಲ್ಲುಗಳಲ್ಲಿ ಹತ್ತು ಹತ್ತು ರ್ಯಾಂಕ್, ಏಳು ಡಿವಿನೇಷನ್ (ಗುಟ್ಟು ಕಂಡುಹಿಡಿಯುವ) ಮಂತ್ರ ಬೇಕು. ಓದುವಾಗ ಬೆಟ್ಟದಂತೆ ಕಾಣುತ್ತದೆ. ಆದರೆ ವಿಜಾರ್ಡಿಗೆ ಮೊದಲ ಲೆವೆಲಿನಲ್ಲೇ ಸಿಗುವ ಸ್ಕ್ರೈಬ್ ಸ್ಕ್ರೋಲ್ ವಸ್ತು ತಯಾರಿಕೆಯ ಫೀಟೇ. ಐದನೇ ಲೆವೆಲಿನಲ್ಲಿ ಇನ್ನೊಂದು ಉಚಿತ. ಉಳಿದೆರಡನ್ನು 1 ಮತ್ತು 3ರಲ್ಲಿ ತೆಗೆದುಕೊಂಡರೆ ಆರನೇ ಲೆವೆಲಿನ ಫೀಟ್ ನಿಮ್ಮ ಇಷ್ಟಕ್ಕೆ ಉಳಿಯುತ್ತದೆ. ಮಂತ್ರಗಳ ವಿಷಯವೂ ಹಾಗೆಯೇ. ಡಿಟೆಕ್ಟ್ ಮ್ಯಾಜಿಕ್, ರೀಡ್ ಮ್ಯಾಜಿಕ್, ಡಿಟೆಕ್ಟ್ ಪಾಯ್ಸನ್ ಮೂರೂ ಸೊನ್ನೆ ಲೆವೆಲಿನ ಡಿವಿನೇಷನ್ ಮಂತ್ರಗಳು, ವಿಜಾರ್ಡಿನ ಗ್ರಂಥದಲ್ಲಿ ಮೊದಲ ದಿನದಿಂದಲೇ ಇರುತ್ತವೆ. ಉಳಿದ ನಾಲ್ಕರಲ್ಲಿ ಒಂದಾದರೂ ಮೂರನೇ ಲೆವೆಲ್ ಅಥವಾ ಮೇಲಿನದಾಗಿರಲಿ.

ಹಂತ 4: ಲೆವೆಲುಗಳ ಕ್ರಮ ಗೊತ್ತುಮಾಡಿ

ಎರಡು ಕ್ಲಾಸ್ ಬೆರೆಸುವವರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ರೋಗ್, ಮಂತ್ರಗಾರ ಎರಡೂ ಆಗಬೇಕಾದ ಆರ್ಕೇನ್ ಟ್ರಿಕ್‌ಸ್ಟರ್ ಎಂಬ ಪ್ರೆಸ್ಟೀಜ್ ಕ್ಲಾಸಿನ ಉದಾಹರಣೆಯನ್ನೇ ಲೆವೆಲ್ ಲೆವೆಲ್ ಆಗಿ ಬಿಡಿಸಿ ನೋಡೋಣ, ಏಕೆಂದರೆ ಎಲ್ಲ ಬಗೆಯ ಷರತ್ತುಗಳೂ ಅದರಲ್ಲಿವೆ. ಡಿಸೈಫರ್ ಸ್ಕ್ರಿಪ್ಟ್, ಡಿಸೇಬಲ್ ಡಿವೈಸ್, ಎಸ್ಕೇಪ್ ಆರ್ಟಿಸ್ಟ್ ಮೂರರಲ್ಲೂ 7 ರ್ಯಾಂಕ್. ನಾಲೆಜ್ ಆರ್ಕಾನಾ 4 ರ್ಯಾಂಕ್. ಮೇಜ್ ಹ್ಯಾಂಡ್ ಮಂತ್ರ ಮತ್ತು ಮೂರನೇ ಲೆವೆಲಿನ ಒಂದಾದರೂ ಆರ್ಕೇನ್ ಮಂತ್ರ (ದೇವರಿಂದ ಬಂದದ್ದಲ್ಲ, ವಿಜಾರ್ಡ್, ಸಾರ್ಸರರ್ ಹಾಕುವಂಥದ್ದು). ಸ್ನೀಕ್ ಅಟ್ಯಾಕ್ (ರೋಗ್ ಹೊಂಚು ಹಾಕಿ ಹೊಡೆದಾಗ ಸೇರುವ ಹೆಚ್ಚಿನ ಹಾನಿ) ಎರಡು ದಾಳ. ಅಲೈನ್‌ಮೆಂಟ್ ಲಾಫುಲ್ ಆಗಿರಬಾರದು.

ಸ್ನೀಕ್ ಅಟ್ಯಾಕಿಗೆ ರೋಗ್ 3, ಮಂತ್ರಕ್ಕೆ ವಿಜಾರ್ಡ್ 5. ಗಡುವು ಎಂಟನೇ ಲೆವೆಲ್, ಪ್ರವೇಶ ಒಂಬತ್ತರಲ್ಲಿ. ಪಾತ್ರ ಇಂಟೆಲಿಜೆನ್ಸ್ 14 ಇರುವ ಎಲ್ಫ್ ಎಂದುಕೊಳ್ಳೋಣ.

ಮೊದಲ ಲೆವೆಲ್ ರೋಗ್ ಆಗಿರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲ ಲೆವೆಲಿನ ಸ್ಕಿಲ್ ಪಾಯಿಂಟ್ ನಾಲ್ಕು ಪಟ್ಟು ಸಿಗುತ್ತದೆ. ರೋಗ್ ಆಗಿ ಶುರುಮಾಡಿದರೆ 8 ಮತ್ತು 2 ಕೂಡಿ ಹತ್ತು, ಅದರ ನಾಲ್ಕು ಪಟ್ಟು 40. ವಿಜಾರ್ಡ್ ಆಗಿ ಶುರುಮಾಡಿದರೆ 2 ಮತ್ತು 2 ಕೂಡಿ ನಾಲ್ಕು, ಅದರ ನಾಲ್ಕು ಪಟ್ಟು 16. ಆ 24 ಪಾಯಿಂಟ್‌ಗಳ ಅಂತರ ಆಮೇಲೆ ಎಂದೂ ಪೂರ್ತಿ ತುಂಬುವುದಿಲ್ಲ.

ಮೂರು ರೋಗ್ ಲೆವೆಲುಗಳನ್ನೂ ಮೊದಲೇ ಮುಗಿಸುವ ದಾರಿ ಹೀಗೆ ಸಾಗುತ್ತದೆ:

1ರಿಂದ 3ನೇ ಲೆವೆಲ್, ರೋಗ್: ಮೂರನೇ ಲೆವೆಲಿನ ಮಿತಿ 6 ರ್ಯಾಂಕ್. ಮೂರೂ ಸ್ಕಿಲ್ಲುಗಳನ್ನು ಆರಕ್ಕೆ ತಂದು ನಿಲ್ಲಿಸಿ. ಖರ್ಚು 18 ಪಾಯಿಂಟ್, ಕೈಯಲ್ಲಿರುವುದು 60. ಉಳಿದದ್ದು ನಿಮ್ಮ ಇಷ್ಟ.
4ನೇ ಲೆವೆಲ್, ವಿಜಾರ್ಡ್ 1: ಸಿಗುವುದು 4 ಪಾಯಿಂಟ್. ಡಿಸೇಬಲ್ ಡಿವೈಸ್, ಎಸ್ಕೇಪ್ ಆರ್ಟಿಸ್ಟ್ ಎರಡೂ ವಿಜಾರ್ಡಿನ ಪಟ್ಟಿಯಲ್ಲಿಲ್ಲ, ಹಾಗಾಗಿ ಏಳನೇ ರ್ಯಾಂಕಿಗೆ ತಲಾ ಎರಡು. ನಾಲ್ಕೂ ಪಾಯಿಂಟ್ ಇಲ್ಲೇ ಮುಗಿಯಿತು.
5ನೇ ಲೆವೆಲ್, ವಿಜಾರ್ಡ್ 2: ಡಿಸೈಫರ್ ಸ್ಕ್ರಿಪ್ಟ್ ವಿಜಾರ್ಡಿನ ಪಟ್ಟಿಯಲ್ಲಿದೆ, ಏಳನೇ ರ್ಯಾಂಕಿಗೆ ಒಂದೇ ಪಾಯಿಂಟ್. ಉಳಿದ ಮೂರು ನಾಲೆಜ್ ಆರ್ಕಾನಾಕ್ಕೆ.
6ನೇ ಲೆವೆಲ್, ವಿಜಾರ್ಡ್ 3: ನಾಲೆಜ್ ಆರ್ಕಾನಾ ನಾಲ್ಕಕ್ಕೆ. ಸ್ಕಿಲ್ಲಿನ ಷರತ್ತುಗಳೆಲ್ಲ ಪೂರ್ತಿ.
7 ಮತ್ತು 8ನೇ ಲೆವೆಲ್, ವಿಜಾರ್ಡ್ 4 ಮತ್ತು 5: ಪಾಯಿಂಟ್‌ಗಳು ಕಾನ್ಸಂಟ್ರೇಷನ್, ಸ್ಪೆಲ್‌ಕ್ರಾಫ್ಟ್‌ಗೆ. ಎಂಟರಲ್ಲಿ ಮೂರನೇ ಲೆವೆಲಿನ ಮಂತ್ರ ಕೈಗೆ ಬರುತ್ತದೆ.
9ನೇ ಲೆವೆಲ್: ಆರ್ಕೇನ್ ಟ್ರಿಕ್‌ಸ್ಟರ್.

ಇನ್ನೊಂದು ದಾರಿಯೂ ಇದೆ. ಮೊದಲು ರೋಗ್ ಒಂದು, ಆಮೇಲೆ ವಿಜಾರ್ಡ್ ಐದು, ಕೊನೆಯ ಎರಡು ಲೆವೆಲ್ ಮತ್ತೆ ರೋಗ್. ಪ್ರವೇಶ ಇಲ್ಲಿಯೂ ಒಂಬತ್ತರಲ್ಲೇ. ಆದರೆ ಮೂರನೇ ಲೆವೆಲಿನ ಮಂತ್ರ ಎಂಟರ ಬದಲು ಆರನೇ ಲೆವೆಲಿಗೇ ಬರುತ್ತದೆ, ಏಳನೇ ರ್ಯಾಂಕುಗಳೂ ಕೊನೆಗೆ ರೋಗ್ ಬೆಲೆಗೇ ಸಿಗುತ್ತವೆ. ನಷ್ಟವೆಂದರೆ ನಡುವಿನ ಲೆವೆಲುಗಳಲ್ಲಿ ಪ್ರಾಣಶಕ್ತಿ ಕಡಿಮೆ, ಸ್ನೀಕ್ ಅಟ್ಯಾಕ್ ಒಂದೇ ದಾಳ. ತಂಡದಲ್ಲಿ ಬೇರೆ ಮಂತ್ರಗಾರ ಇಲ್ಲದಿದ್ದರೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ಇದ್ದರೆ ಮೊದಲನೆಯದು.

ಈ ಉದಾಹರಣೆಯಲ್ಲೇ ಮೂರು ಗುಂಡಿಗಳಿವೆ. ಒಂದು, ಮೇಜ್ ಹ್ಯಾಂಡ್ ಟ್ರಾನ್ಸ್‌ಮ್ಯುಟೇಷನ್ ಶಾಖೆಯ ಮಂತ್ರ. ಒಂದು ಶಾಖೆಯಲ್ಲಿ ಪರಿಣತಿ ಪಡೆಯುವ ವಿಜಾರ್ಡ್ ಬೇರೆ ಶಾಖೆಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಟ್ರಾನ್ಸ್‌ಮ್ಯುಟೇಷನ್ ಬಿಟ್ಟುಕೊಟ್ಟಿದ್ದರೆ ಆರ್ಕೇನ್ ಟ್ರಿಕ್‌ಸ್ಟರ್ ಬಾಗಿಲು ಮುಚ್ಚಿತೆಂದೇ ಅರ್ಥ. ಎರಡು, ನಾಲ್ಕನೇ ಲೆವೆಲಿನಲ್ಲಿ ಇಂಟೆಲಿಜೆನ್ಸ್ ಹೆಚ್ಚಿಸಿಕೊಂಡರೆ ಸ್ಕಿಲ್ ಪಾಯಿಂಟ್ ಹೆಚ್ಚುವುದಾದರೂ ಅಲ್ಲಿಂದ ಮುಂದಕ್ಕೆ ಮಾತ್ರ, ಹಿಂದಿನ ಲೆವೆಲುಗಳ ಬಾಕಿ ಸಿಗುವುದಿಲ್ಲ. ಮೂರು, ಜನಾಂಗ. ಎರಡು ಕ್ಲಾಸುಗಳ ಲೆವೆಲಿನ ನಡುವೆ ಒಂದಕ್ಕಿಂತ ಹೆಚ್ಚು ಅಂತರವಿದ್ದರೆ ಲೆವೆಲ್ ಏರಲು ಬೇಕಾದ ಅನುಭವದ ಅಂಕಗಳಲ್ಲಿ ನೂರಕ್ಕೆ 20ರಷ್ಟು ಕಡಿತ ಬೀಳುತ್ತದೆ. ಜನಾಂಗದ ಇಷ್ಟದ ಕ್ಲಾಸಿಗೆ ಇದರಿಂದ ವಿನಾಯಿತಿ ಉಂಟು. ಎಲ್ಫ್‌ಗೆ ಇಷ್ಟದ ಕ್ಲಾಸ್ ವಿಜಾರ್ಡ್, ಹಾಫ್ಲಿಂಗ್‌ಗೆ ರೋಗ್, ಮನುಷ್ಯರಿಗೆ ಯಾವುದು ಹೆಚ್ಚೋ ಅದು. ಮೂವರಿಗೂ ತೊಂದರೆಯಿಲ್ಲ. ಡ್ವಾರ್ಫ್‌ಗೆ ಫೈಟರ್, ನೋಮ್‌ಗೆ ಬಾರ್ಡ್. ಇವರಿಬ್ಬರೂ ರೋಗ್ 3, ವಿಜಾರ್ಡ್ 5 ಆದಾಗ ದಂಡ ಕಟ್ಟುತ್ತಾರೆ. ಪ್ರೆಸ್ಟೀಜ್ ಕ್ಲಾಸಿನ ಲೆವೆಲುಗಳು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಮಾಂಕ್ ಮತ್ತು ಪ್ಯಾಲಡಿನ್ ಆಡುವವರು ಇನ್ನೊಂದು ವಿಷಯ ಗಮನಿಸಿ: ಈ ಎರಡು ಕ್ಲಾಸುಗಳನ್ನು ಬಿಟ್ಟು ಬೇರೆ ಕ್ಲಾಸಿಗೆ ಕಾಲಿಟ್ಟರೆ ಮತ್ತೆ ಅದೇ ಕ್ಲಾಸಿನಲ್ಲಿ ಮುಂದುವರಿಯುವಂತಿಲ್ಲ. ಹೋಗಿ ಬರುವ ಯೋಜನೆ ಇವರಿಗೆ ಸಲ್ಲದು.

ಹಂತ 5: ಫೀಟುಗಳಿಗೆ ಮನೆ ಹಂಚಿ

ಮೊದಲಿಗೆ ಹೇಳಿದ ಶ್ಯಾಡೋಡ್ಯಾನ್ಸರ್ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದಕ್ಕೆ ಬೇಕಾದ ಫೀಟುಗಳು ಡಾಡ್ಜ್, ಮೊಬಿಲಿಟಿ, ಕಾಂಬ್ಯಾಟ್ ರಿಫ್ಲೆಕ್ಸಸ್. ಏಳನೇ ಲೆವೆಲಿನ ಗಡುವಿನೊಳಗೆ ಸಾಮಾನ್ಯ ರೋಗ್‌ಗೆ ಸಿಗುವ ಮನೆಗಳು 1, 3 ಮತ್ತು 6. ಮೂರಕ್ಕೆ ಮೂರೇ. ಒಂದೂ ಪೋಲಾಗುವಂತಿಲ್ಲ.

ಆದರೆ ಕತ್ತಿಯನ್ನು ಚುರುಕುತನದಿಂದ ಬೀಸುವ ಆಸೆಯಿಂದ ಬಹುತೇಕ ರೋಗ್‌ಗಳು ಮೂರನೇ ಲೆವೆಲಿನಲ್ಲಿ ವೆಪನ್ ಫಿನೆಸ್ ತೆಗೆದುಕೊಳ್ಳುತ್ತಾರೆ. ಆಗ ಮೊಬಿಲಿಟಿ ಆರಕ್ಕೆ ಹೋಗುತ್ತದೆ, ಕಾಂಬ್ಯಾಟ್ ರಿಫ್ಲೆಕ್ಸಸ್ ಒಂಬತ್ತಕ್ಕೆ. ಪ್ರವೇಶ ಎಂಟರಿಂದ ಹತ್ತಕ್ಕೆ ಜಿಗಿಯುತ್ತದೆ. ಎಂಟನೇ ಲೆವೆಲಿಗೆ ಬೇಕಾದ ಅನುಭವ 28,000 ಅಂಕ, ಹತ್ತಕ್ಕೆ 45,000. ಒಂದು ಫೀಟಿಗಾಗಿ 17,000 ಅಂಕಗಳಷ್ಟು ಆಟ ಕಾಯಬೇಕು.

ವೆಪನ್ ಫಿನೆಸ್ ಬೇಕೇ ಬೇಕು ಎನ್ನುವವರಿಗೆ ಎರಡು ದಾರಿಗಳಿವೆ. ಪಾತ್ರ ಮನುಷ್ಯನಾಗಿದ್ದರೆ ಮೊದಲ ಲೆವೆಲಿನಲ್ಲಿ ಎರಡು ಫೀಟ್ ಸಿಗುವುದರಿಂದ ನಾಲ್ಕೂ ಹಿಡಿಯುತ್ತವೆ. ಇಲ್ಲವಾದರೆ ಒಂದು ಲೆವೆಲ್ ಫೈಟರ್ ಬೆರೆಸಿ, ಈ ನಾಲ್ಕೂ ಫೀಟುಗಳು ಫೈಟರ್ ಪಟ್ಟಿಯಲ್ಲಿವೆ. ಆದರೆ ಆ ಫೈಟರ್ ಲೆವೆಲನ್ನು ಏಳನೆಯದಾಗಿ ತೆಗೆದುಕೊಳ್ಳಬೇಡಿ. ಹೈಡ್‌ನ ಹತ್ತನೇ ರ್ಯಾಂಕ್ ತುಂಬಬೇಕಾದ್ದು ಅದೇ ಲೆವೆಲಿನಲ್ಲಿ, ಫೈಟರ್‌ಗೆ ಅದು ಎರಡು ಪಟ್ಟು ಬೆಲೆ, ಸಿಗುವ ಪಾಯಿಂಟುಗಳೂ ಎರಡು ಮೂರೇ. ಎರಡನೇ ಅಥವಾ ಮೂರನೇ ಲೆವೆಲಿನಲ್ಲಿ ಫೈಟರ್ ಮುಗಿಸಿಬಿಡಿ.

ಈಗಾಗಲೇ ತಪ್ಪಿದವರು ಡಿಎಂ ಹತ್ತಿರ ಮಾತನಾಡಿ. 2006ರಲ್ಲಿ ಬಂದ ಪ್ಲೇಯರ್ಸ್ ಹ್ಯಾಂಡ್‌ಬುಕ್ 2 ಎಂಬ ಪೂರಕ ಪುಸ್ತಕದಲ್ಲಿ ಹಳೆಯ ಫೀಟನ್ನು ಬಿಟ್ಟು ಹೊಸದನ್ನು ಕಲಿಯುವ ನಿಯಮಗಳಿವೆ. ಅವರು ಒಪ್ಪಿದರೆ ಅದೇ ನೇರವಾದ ದಾರಿ.

ಇನ್ನೊಂದು ಎಚ್ಚರಿಕೆ. ಡೆಕ್ಸ್‌ಟೆರಿಟಿ 12 ಇಟ್ಟುಕೊಂಡು ಮಾಯಾ ಕೈಗವಸಿನ ಬಲದಿಂದ 13 ದಾಟಿ ಡಾಡ್ಜ್ ತೆಗೆದುಕೊಳ್ಳುವ ಯೋಚನೆ ಬೇಡ. ಫೀಟಿನ ಷರತ್ತು ಕಳೆದುಕೊಂಡರೆ ಆ ಫೀಟನ್ನು ಬಳಸುವಂತಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಕೈಗವಸು ಕಳಚಿದ ದಿನ ಡಾಡ್ಜ್ ಹೋಗುತ್ತದೆ, ಅದನ್ನು ನಂಬಿಕೊಂಡ ಮೊಬಿಲಿಟಿಯೂ ಹೋಗುತ್ತದೆ.

ಹಂತ 6: ಕಥೆಯ ಷರತ್ತುಗಳನ್ನು ಡಿಎಂ ಮುಂದಿಡಿ

ಕೆಲವು ಷರತ್ತುಗಳು ಪಾಯಿಂಟಿನಿಂದ ತೀರುವಂಥವಲ್ಲ. ಅಸ್ಯಾಸಿನ್ ಆಗಬೇಕಾದವನು ಆ ಗುಂಪಿಗೆ ಸೇರುವ ಒಂದೇ ಕಾರಣಕ್ಕಾಗಿ ಒಬ್ಬರನ್ನು ಕೊಂದಿರಬೇಕು, ಅಲೈನ್‌ಮೆಂಟ್ ಈವಿಲ್ ಆಗಿರಬೇಕು. ಬ್ಲ್ಯಾಕ್‌ಗಾರ್ಡ್ ಆಗುವವನು ಬೇರೆ ಲೋಕದ ದುಷ್ಟ ಜೀವಿಯೊಂದಿಗೆ ಜಗಳವಿಲ್ಲದೆ ಮುಖಾಮುಖಿಯಾಗಿರಬೇಕು. ಇಂಥ ಸಂದರ್ಭ ತಾನಾಗಿ ಒದಗುವುದಿಲ್ಲ, ಡಿಎಂ ಅದನ್ನು ಕಥೆಯೊಳಗೆ ತರಬೇಕು. ಅವರಿಗೆ ಎರಡು ಮೂರು ಲೆವೆಲ್ ಮೊದಲೇ ತಿಳಿಸಿ. ಹಾಗೆಯೇ ಜೊತೆ ಆಟಗಾರರನ್ನೂ ಕೇಳಿ. ತಂಡದಲ್ಲಿ ಪ್ಯಾಲಡಿನ್ ಇದ್ದರೆ, ಅವರ ಕ್ಲಾಸಿನ ನಿಯಮವೇ ದುಷ್ಟರ ಸಹವಾಸವನ್ನು ನಿಷೇಧಿಸುತ್ತದೆ. ನಿಮ್ಮ ಪ್ರೆಸ್ಟೀಜ್ ಕ್ಲಾಸಿಗಾಗಿ ಇನ್ನೊಬ್ಬರ ಪಾತ್ರ ತಂಡ ಬಿಟ್ಟು ಹೋಗುವಂತಾಗುವುದು ನ್ಯಾಯವಲ್ಲ.

ಯಾವ ಪ್ರೆಸ್ಟೀಜ್ ಕ್ಲಾಸುಗಳು ತಮ್ಮ ಆಟದಲ್ಲಿ ಇರಬೇಕೆಂದು ತೀರ್ಮಾನಿಸುವ ಹಕ್ಕು ಡಿಎಂ ಅವರದು. ಎಂಟು ಲೆವೆಲ್ ಲೆಕ್ಕ ಹಾಕಿ, ಕೊನೆಗೆ "ಈ ಲೋಕದಲ್ಲಿ ಆ ಕ್ಲಾಸ್ ಇಲ್ಲ" ಎನ್ನಿಸಿಕೊಳ್ಳುವುದಕ್ಕಿಂತ ಮೊದಲ ದಿನವೇ ಕೇಳಿ.

ಹಂತ 7: ಗಡುವಿನ ಲೆವೆಲಿನಲ್ಲಿ ಮತ್ತೊಮ್ಮೆ ತಾಳೆ ನೋಡಿ

ಗಡುವಿನ ಲೆವೆಲ್ ಮುಟ್ಟಿದ ದಿನ ಷರತ್ತುಗಳ ಪಟ್ಟಿಯನ್ನು ಶೀಟಿನ ಪಕ್ಕ ಇಟ್ಟು ಒಂದೊಂದಕ್ಕೂ ಗುರುತು ಹಾಕಿ. ಆ ಲೆವೆಲಿನ ಸ್ಕಿಲ್ ಪಾಯಿಂಟುಗಳು ಇನ್ನೂ ಕೈಯಲ್ಲಿರುವಾಗ ಸಿಕ್ಕಿದ ಕೊರತೆಯನ್ನು ಅಲ್ಲೇ ತುಂಬಬಹುದು. ಎಲ್ಡ್ರಿಚ್ ನೈಟ್ ಬಯಸುವವರು ಆಯುಧಗಳ ಸಾಲನ್ನು ಎರಡು ಸಲ ಓದಿ. ಅದು ಕೇಳುವುದು ಎಲ್ಲ ಮಾರ್ಷಲ್ (ಯೋಧರ) ಆಯುಧಗಳ ಪರಿಣತಿಯನ್ನು. ಎಲ್ಫ್ ಜನಾಂಗಕ್ಕೆ ಹುಟ್ಟಿನಿಂದ ಬರುವ ಕತ್ತಿ, ಬಿಲ್ಲುಗಳ ಪರಿಣತಿ ಸಾಲದು. ಒಂದೊಂದೇ ಆಯುಧಕ್ಕೆ ಫೀಟ್ ಕೊಳ್ಳುವುದು ಆಗದ ಹೋಗದ ಕೆಲಸ. ಫೈಟರ್, ರೇಂಜರ್, ಪ್ಯಾಲಡಿನ್, ಬಾರ್ಬೇರಿಯನ್ ಇವುಗಳಲ್ಲಿ ಯಾವುದಾದರೂ ಒಂದು ಲೆವೆಲ್ ತೆಗೆದುಕೊಂಡರೆ ಕೆಲಸ ಮುಗಿಯಿತು. ಫೈಟರ್ 1, ವಿಜಾರ್ಡ್ 5, ಏಳಕ್ಕೆ ಪ್ರವೇಶ. ವಿಜಾರ್ಡ್ ಬದಲು ಸಾರ್ಸರರ್ ಆದರೆ ಎಂಟಕ್ಕೆ. ದೇವರ ಮಂತ್ರ, ಆರ್ಕೇನ್ ಮಂತ್ರ ಎರಡರಲ್ಲೂ ಎರಡನೇ ಲೆವೆಲ್ ಕೇಳುವ ಮಿಸ್ಟಿಕ್ ಥಿಯರ್ಜ್ ಎಂಬ ಪ್ರೆಸ್ಟೀಜ್ ಕ್ಲಾಸಿನ ಕಥೆಯೂ ಇದೇ: ಕ್ಲೆರಿಕ್ 3, ವಿಜಾರ್ಡ್ 3 ಆದರೆ ಏಳು, ಸಾರ್ಸರರ್ ಬೆರೆಸಿದರೆ ಎಂಟು.

ಐದನೇ ಆವೃತ್ತಿ ಆಡುವವರಿಗೆ

1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಪ್ಯಾಲಡಿನ್ ಆಗಬೇಕಾದರೆ ಕರಿಸ್ಮಾ 17 ಇರಲೇಬೇಕಿತ್ತು. ಮೂರು ದಾಳ ಉರುಳಿಸಿ 17 ಅಥವಾ 18 ಬೀಳುವುದು 54ರಲ್ಲಿ ಒಂದು ಸಲ. 2000ದ ಮೂರನೇ ಆವೃತ್ತಿ ಮೂಲ ಕ್ಲಾಸುಗಳಿಗಿದ್ದ ಈ ಬಗೆಯ ಷರತ್ತುಗಳನ್ನು ತೆಗೆದುಹಾಕಿತು. 2014ರ ಐದನೇ ಆವೃತ್ತಿ ಇನ್ನೂ ಸರಳ: ಮೊದಲ ಕ್ಲಾಸಿಗೆ ಷರತ್ತೇ ಇಲ್ಲ, ಎರಡನೇ ಕ್ಲಾಸ್ ಬೆರೆಸುವಾಗ ಮಾತ್ರ ಮುಖ್ಯ ಸಾಮರ್ಥ್ಯ 13 ಇರಬೇಕು. ವಿಜಾರ್ಡಿಗೆ ಇಂಟೆಲಿಜೆನ್ಸ್, ಕ್ಲೆರಿಕ್, ಡ್ರೂಯಿಡ್‌ಗೆ ವಿಸ್ಡಮ್, ಬಾರ್ಡ್, ಸಾರ್ಸರರ್, ವಾರ್ಲಾಕ್‌ಗೆ ಕರಿಸ್ಮಾ, ರೋಗ್‌ಗೆ ಡೆಕ್ಸ್‌ಟೆರಿಟಿ, ಫೈಟರ್‌ಗೆ ಸ್ಟ್ರೆಂತ್ ಅಥವಾ ಡೆಕ್ಸ್‌ಟೆರಿಟಿ. ಮಾಂಕ್ ಮತ್ತು ರೇಂಜರ್‌ಗೆ ಡೆಕ್ಸ್‌ಟೆರಿಟಿ, ವಿಸ್ಡಮ್ ಎರಡೂ ಬೇಕು. ಪ್ಯಾಲಡಿನ್‌ಗೆ ಸ್ಟ್ರೆಂತ್, ಕರಿಸ್ಮಾ ಎರಡೂ.

ಎಡವುವುದು ಎಲ್ಲಿ ಎಂದರೆ, ಈ 13 ಹೊಸ ಕ್ಲಾಸಿಗೆ ಮಾತ್ರ ಅಲ್ಲ, ಈಗಿರುವ ಕ್ಲಾಸಿಗೂ ಅನ್ವಯಿಸುತ್ತದೆ. ಸ್ಟ್ರೆಂತ್ 10, ಡೆಕ್ಸ್‌ಟೆರಿಟಿ 16, ಕರಿಸ್ಮಾ 16 ಇರುವ ಪ್ಯಾಲಡಿನ್ ವಾರ್ಲಾಕ್ ಆಗಬೇಕೆಂದರೆ, ವಾರ್ಲಾಕ್‌ಗೆ ಬೇಕಾದ ಕರಿಸ್ಮಾ ಧಾರಾಳವಾಗಿಯೇ ಇದೆ. ಆದರೂ ಆಗುವುದಿಲ್ಲ, ಏಕೆಂದರೆ ಪ್ಯಾಲಡಿನ್‌ಗೆ ಬೇಕಾದ ಸ್ಟ್ರೆಂತ್ 13 ಇಲ್ಲ. ಸಾಮರ್ಥ್ಯ ಹೆಚ್ಚಿಸಿಕೊಳ್ಳುವ ಅವಕಾಶ ಬರುವುದು ಕ್ಲಾಸಿನ ನಾಲ್ಕನೇ ಲೆವೆಲಿನಲ್ಲಿ, ಪಾತ್ರದ ನಾಲ್ಕನೇ ಲೆವೆಲಿನಲ್ಲಲ್ಲ. ಮೂರು ಪ್ಯಾಲಡಿನ್, ಒಂದು ಬೇರೆ ಎಂದು ಹಂಚಿಕೊಂಡರೆ ಅದೂ ಮುಂದಕ್ಕೆ ಹೋಗುತ್ತದೆ. ಬೆರೆಸುವ ಯೋಚನೆ ಸ್ವಲ್ಪವಾದರೂ ಇದ್ದರೆ, 15, 14, 13, 12, 10, 8 ಎಂಬ ಸಿದ್ಧ ಸಂಖ್ಯೆಗಳನ್ನು ಹಂಚುವಾಗಲೇ ಆ 13 ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳಿ.